ಹೆಡ್‌ಲೈಟ್ ಮಿಣುಕು (ಕಾರು)

ಹೆಡ್‌ಲೈಟ್‌ಗೆ ವಿದ್ಯುತ್ ಒಂದೇ ಸಮನೆ ಹರಿಯದಾಗ ಬೆಳಕು ಏರಿಳಿಯುವ, ಇಲ್ಲವೇ ಕ್ಷಣಕಾಲ ಆರಿ ಹೊತ್ತುವ ದೋಷ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಬೇಸಿಗೆಯ ಧೂಳು, ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆದಾರಿಗಳ ಎರೆಕೆಸರು ಮತ್ತು ಕುಲುಕಾಟದಿಂದ ಕನೆಕ್ಟರ್‌ಗಳು ಸಡಿಲಗೊಂಡು ತುಕ್ಕು ಹಿಡಿಯಬಹುದು. ಹಿಂದೀಪವಿಲ್ಲದ ಬಂಡಿ, ಟ್ರ್ಯಾಕ್ಟರ್‌ಗಳು ಎದುರಾಗುವ ರಾತ್ರಿಯ ಹಾದಿಯಲ್ಲಿ ಈ ದೋಷವನ್ನು ಒಂದು ದಿನವೂ ಮುಂದೂಡುವುದು ಸಲ್ಲದು.

ಒಂದೇ ದೀಪ ಮಿಣುಕಿದರೆ ಬಹುಮಟ್ಟಿಗೆ ಅದರ ಬಲ್ಬ್, ಹೋಲ್ಡರ್ ಅಥವಾ ಅರ್ಥಿಂಗ್ ತಂತಿ ಕಾರಣ. ಎರಡೂ ಮಿಣುಕಿದರೆ ಬ್ಯಾಟರಿ, ಆಲ್ಟರ್ನೇಟರ್, ರಿಲೇ, ಸ್ವಿಚ್ಚುಗಳನ್ನು ನೋಡಬೇಕು. ಎಡಬಲದ ಬಲ್ಬ್‌ಗಳನ್ನು ಅದಲುಬದಲು ಮಾಡಿದಾಗ ಮಿಣುಕೂ ಜಾಗ ಬದಲಿಸಿದರೆ ಕೆಟ್ಟಿರುವುದು ಬಲ್ಬೇ. ಮಲ್ಟಿಮೀಟರ್ ಹಚ್ಚಿದಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸುತ್ತದೆ. ಓಡುವಾಗಿನ ಅಳತೆ ತೂಗಾಡಿದರೆ ಆಲ್ಟರ್ನೇಟರ್‌ನ ಬೆಲ್ಟ್ ಅಥವಾ ರೆಗ್ಯುಲೇಟರ್ ಮೇಲೆ ಅನುಮಾನ. ರೆಗ್ಯುಲೇಟರ್ ಕೆಲಸ ಆಟೊ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು.

ಮನೆಯ ದುರಸ್ತಿಗೆ ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಅರ್ಥಿಂಗ್ ಬೋಲ್ಟಿನ ಅಡಿಯ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡುವುದರಿಂದಲೇ ಎಷ್ಟೋ ಮಿಣುಕುಗಳು ನಿಲ್ಲುತ್ತವೆ. ಕರಗಿದ ಹೋಲ್ಡರನ್ನು ಬದಲಿಸಬೇಕು. ಹ್ಯಾಲೊಜನ್ ಬಲ್ಬಿನ ಗಾಜಿಗೆ ಬೆರಳು ತಾಗಬಾರದು: ಚರ್ಮದ ಜಿಡ್ಡು ಅಂಟಿದೆಡೆ ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ.