ಹಳೆಯ ಪಿಕಪ್ ಟ್ರಕ್ಕುಗಳ ಜೀರ್ಣೋದ್ಧಾರ

ಹೊಲ, ಕಾಡು, ಗಣಿ, ಕಟ್ಟಡದ ಕೆಲಸಗಳಲ್ಲಿ ದುಡಿದು ಮೂಲೆಗೆ ಬಿದ್ದ ಸಣ್ಣ ಟ್ರಕ್ಕುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ರಸ್ತೆಗಿಳಿಸುವ ಹವ್ಯಾಸ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇದು ಮೊಳೆಯಿತು. 1970ರ ದಶಕದಿಂದೀಚೆಗೆ ಕಾರುಗಳ ಹವ್ಯಾಸದಿಂದ ಬೇರೆಯಾಗಿ ತನ್ನದೇ ಸಂಘ, ಮೇಳ ಮತ್ತು ಬಿಡಿಭಾಗಗಳ ವ್ಯಾಪಾರವನ್ನು ಕಟ್ಟಿಕೊಂಡಿತು. ಇದರಲ್ಲಿ ಎರಡು ದಾರಿಗಳಿವೆ. ಗಾಡಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಅದೇ ಸ್ಥಿತಿಗೆ ತರುವುದು ಒಂದು. ಹೊರಗಿನ ಮೈ ಉಳಿಸಿಕೊಂಡು ಇಂಜಿನ್, ಬ್ರೇಕ್, ಸಸ್ಪೆನ್ಷನ್‌ಗಳನ್ನು ಹೊಸ ಕಾಲದವಕ್ಕೆ ಬದಲಿಸುವುದು ಇನ್ನೊಂದು. ಇದನ್ನು ರೆಸ್ಟೊಮಾಡ್ ಎನ್ನುತ್ತಾರೆ. ಜೋಪಾನ ಮಾಡಿ ಇಡಲೆಂದು ಈ ಗಾಡಿಗಳನ್ನು ಯಾರೂ ಕಟ್ಟಿರಲಿಲ್ಲ. ಹಾಗಾಗಿ ಅವುಗಳ ಮೈಮೇಲಿರುವ ದುಡಿಮೆಯ ಗುರುತುಗಳಲ್ಲಿ ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಈ ಹವ್ಯಾಸದ ಜೊತೆಗೇ ಬೆಳೆದು ಬಂದಿದೆ.

ದುಡಿಮೆಯ ಗಾಡಿ

ಮೊದಮೊದಲು ಅಮೆರಿಕದ ರೈತರು ಕಾರಿನ ಹಿಂಭಾಗ ಕತ್ತರಿಸಿ, ಅಲ್ಲಿ ಹಲಗೆಯ ಪೆಟ್ಟಿಗೆ ಕೂರಿಸಿ ಫಸಲು ಸಾಗಿಸುತ್ತಿದ್ದರು. ಫೋರ್ಡ್ ಕಂಪನಿ 1917ರಲ್ಲಿ ಒಂದು ಟನ್ ಹೊರುವ ಮಾಡೆಲ್ ಟಿಟಿ ಚಾಸಿಯನ್ನು ಮಾರಾಟಕ್ಕಿಟ್ಟಿತು. ಅದರ ಮೇಲಿನ ಮೈಯನ್ನು ಕೊಂಡವರೇ ಬಡಗಿಯಿಂದ ಮಾಡಿಸಿಕೊಳ್ಳಬೇಕಿತ್ತು. 1925ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಉಕ್ಕಿನ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರಿತು. ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಪಿಕಪ್‌ಗಳ ಪರಂಪರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುತ್ತಾರೆ.

ಆದರೆ ಹವ್ಯಾಸಿಗಳು ಹೆಚ್ಚಾಗಿ ಹುಡುಕುವುದು ಯುದ್ಧಾನಂತರದ ಗಾಡಿಗಳನ್ನು. 1942ರ ಆರಂಭದಲ್ಲಿ ಅಮೆರಿಕದ ಕಾರ್ಖಾನೆಗಳು ಜನಬಳಕೆಯ ವಾಹನಗಳನ್ನು ನಿಲ್ಲಿಸಿ ಸೈನ್ಯಕ್ಕೆ ದುಡಿದವು. ಯುದ್ಧ ಮುಗಿದಾಗ ಹಳ್ಳಿಗಳಲ್ಲಿದ್ದ ಟ್ರಕ್ಕುಗಳೆಲ್ಲ ಸವೆದುಹೋಗಿದ್ದವು, ಬೇಡಿಕೆ ಅಪಾರವಾಗಿತ್ತು. 1947ರಲ್ಲಿ ಷೆವ್ರೊಲೆ ತನ್ನ ಅಡ್ವಾನ್ಸ್ ಡಿಸೈನ್ ಸಾಲನ್ನು ಹೊರತಂದಿತು. ಅದರ ಅರ್ಧ ಟನ್ ಗಾಡಿಯೇ 3100. ಮರುವರ್ಷ ಫೋರ್ಡ್ ಎಫ್ ಸರಣಿ ಬಂತು, 1953ರಲ್ಲಿ ಅದರ ಎಫ್-100. ದುಂಡನೆಯ ಮಡ್‌ಗಾರ್ಡ್, ಉಬ್ಬಿದ ಬಾನೆಟ್, ಎರಡು ದೊಡ್ಡ ಕಣ್ಣಿನಂಥ ದೀಪಗಳ ಈ ಗಾಡಿಗಳೇ ಇಂದಿಗೂ ಹವ್ಯಾಸದ ಮುಖ್ಯ ಬಂಡವಾಳ. ಅವುಗಳ ನಂತರದ ಸಾಲಿನಲ್ಲಿ 1967ರಿಂದ 1972ರವರೆಗಿನ ಷೆವ್ರೊಲೆ ಸಿ-10 ಮತ್ತು 1973ರಿಂದ ಬಂದ ಚೌಕಾಕಾರದ ಪಿಕಪ್‌ಗಳು ಸೇರುತ್ತವೆ.

ಇಷ್ಟು ಗಾಡಿಗಳು ಉಳಿದುಕೊಂಡದ್ದಕ್ಕೆ ಕಾರಣ ಅವುಗಳ ರಚನೆಯಲ್ಲೇ ಇದೆ. ಏಣಿಯಂಥ ಉಕ್ಕಿನ ಚಾಸಿ; ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಕ್ಯಾಬಿನ್, ಬೇರೆಯೇ ಬಿಚ್ಚಿಕೊಳ್ಳುವ ತೊಟ್ಟಿ, ಬೇರೆಯೇ ಮಡ್‌ಗಾರ್ಡು. ಒಬ್ಬ ಮನುಷ್ಯ, ಒಂದು ಸ್ಪ್ಯಾನರ್ ಸೆಟ್ಟು, ಒಂದು ಚೈನ್ ಪುಲ್ಲಿ ಇದ್ದರೆ ಇಡೀ ಗಾಡಿಯನ್ನು ಬಿಡಿಬಿಡಿಯಾಗಿ ನೆಲಕ್ಕಿಳಿಸಬಹುದು. ಜೊತೆಗೆ, ಕಾರನ್ನು ಮಾರಿ ಹೊಸದು ಕೊಳ್ಳುತ್ತಿದ್ದ ರೈತ ಟ್ರಕ್ಕನ್ನು ಮಾತ್ರ ಬಿಡುತ್ತಿರಲಿಲ್ಲ. ರಸ್ತೆಗೆ ಆಗದಿದ್ದರೆ ಹೊಲದೊಳಗೆ ಬೇಲಿಗೂಟ ಸಾಗಿಸಲು ಆಗುತ್ತಿತ್ತು; ಅದಕ್ಕೂ ಆಗದಾಗ ಕೊಟ್ಟಿಗೆ ಸೇರುತ್ತಿತ್ತು. ಅರಿಜೋನಾ, ನ್ಯೂ ಮೆಕ್ಸಿಕೊಗಳ ಒಣ ಹವೆಯಲ್ಲಿ ನಿಂತ ಗಾಡಿಗಳ ಬಣ್ಣ, ರಬ್ಬರು ಬಿಸಿಲಿಗೆ ಹೋದರೂ ತಗಡು ಗಟ್ಟಿಯಾಗಿ ಉಳಿಯಿತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಈಶಾನ್ಯ ರಾಜ್ಯಗಳಲ್ಲಿ ಅದೇ ಗಾಡಿ ಕೆಳಗಿನಿಂದ ಕರಗಿಹೋಯಿತು.

ಹಾಟ್ ರಾಡ್ ಕಾಲ

ಯುದ್ಧದಿಂದ ಮರಳಿದ ಯುವಕರು ಕ್ಯಾಲಿಫೋರ್ನಿಯದಲ್ಲಿ ಹಳೆಯ ಕಾರುಗಳಿಗೆ ಬಲವಾದ ಇಂಜಿನ್ ಹಾಕಿ ಓಡಿಸುವ ಹಾಟ್ ರಾಡ್ ಹುಚ್ಚಿಗೆ ಬಿದ್ದರು. ರಾಬರ್ಟ್ ಪೀಟರ್ಸನ್ 1948ರ ಜನವರಿಯಲ್ಲಿ ಆರಂಭಿಸಿದ ‘ಹಾಟ್ ರಾಡ್’ ಪತ್ರಿಕೆ ಅದನ್ನು ದೇಶದ ತುಂಬ ಹರಡಿತು. ಆ ಗುಂಪಿನಲ್ಲಿ ಪಿಕಪ್ ಹಿಂದಿನ ಸಾಲಿನಲ್ಲಿತ್ತು, ಬಿಡಿಭಾಗ ಹೊರುವ ಗಾಡಿ ಅಷ್ಟೆ. ಅದನ್ನು ಮುಂದಿನ ಸಾಲಿಗೆ ತಂದದ್ದು ‘ರಾಡ್ ಅಂಡ್ ಕಸ್ಟಮ್’ ಪತ್ರಿಕೆಯ ಸಂಪಾದಕ ಸ್ಪೆನ್ಸರ್ ಮರ್ರೆಯವರ ‘ಡ್ರೀಮ್ ಟ್ರಕ್’. 1950ರ ಷೆವ್ರೊಲೆ ಪಿಕಪ್ ಒಂದನ್ನು ಹಲವು ಹೆಸರಾಂತ ಕೆಲಸಗಾರರ ಕೈಯಲ್ಲಿ ಸರದಿಯಂತೆ ಕೊಟ್ಟು, ಛಾವಣಿ ತಗ್ಗಿಸಿ, ಹಿಂದೆ ರೆಕ್ಕೆ ಮೂಡಿಸಿ, ಪ್ರತಿ ಹಂತವನ್ನೂ ಪತ್ರಿಕೆಯಲ್ಲಿ ಬರೆಯಲಾಯಿತು. 1958ರಲ್ಲಿ ಪ್ರದರ್ಶನಕ್ಕೆಂದು ಎಳೆದೊಯ್ಯುತ್ತಿದ್ದಾಗ ಕಾನ್ಸಾಸ್ ರಾಜ್ಯದಲ್ಲಿ ಅದು ಅಪಘಾತಕ್ಕೀಡಾಗಿ ನಜ್ಜುಗುಜ್ಜಾಯಿತು. ಅವಶೇಷ ಗುಜರಿಗೆ ಹೋಗಲಿಲ್ಲ. ವರ್ಷಗಳ ನಂತರ ಅದನ್ನೇ ಮತ್ತೆ ಎತ್ತಿ ಕಟ್ಟಲಾಯಿತು. ದುಡಿಮೆಯ ಗಾಡಿಯೂ ಕಣ್ಣಿಗೆ ಹಬ್ಬವಾಗಬಲ್ಲದು ಎಂದು ಒಂದು ಪೀಳಿಗೆಗೆ ತೋರಿಸಿಕೊಟ್ಟದ್ದು ಈ ಗಾಡಿ.

ಲಾಸ್ ಏಂಜಲೀಸಿನ ಮೆಕ್ಸಿಕನ್ ಅಮೆರಿಕನ್ ಬಡಾವಣೆಗಳಲ್ಲಿ ಇನ್ನೊಂದು ಕವಲು ಒಡೆಯಿತು. ಅಲ್ಲಿನವರು 1930, 40ರ ದಶಕಗಳ ಷೆವ್ರೊಲೆ ಕಾರು, ಪಿಕಪ್‌ಗಳನ್ನು ‘ಬಾಂಬ್’ ಎಂದು ಕರೆದು, ನೆಲಕ್ಕೆ ತಾಗುವಷ್ಟು ತಗ್ಗಿಸಿ, ಮೆಲ್ಲಗೆ ಓಡಿಸಿದರು. ವೇಗ ಅವರಿಗೆ ಬೇಕಿರಲಿಲ್ಲ. ಕೂಲಿ ಮಾಡಿದ ತಂದೆ, ಅಜ್ಜಂದಿರ ಕಾಲದ ಗಾಡಿಯನ್ನು ಕನ್ನಡಿಯಂತೆ ಹೊಳೆಯಿಸಿ ಬೀದಿಯಲ್ಲಿ ತೋರಿಸುವುದು ಬೇಕಿತ್ತು. 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಆರಂಭವಾದ ‘ಲೋರೈಡರ್’ ಪತ್ರಿಕೆ ಈ ಪರಂಪರೆಯನ್ನು ದಾಖಲಿಸುತ್ತ ಬಂತು. ಅಮೆರಿಕದ ವಾಹನ ಇತಿಹಾಸಗಳಲ್ಲಿ ಈ ಕವಲಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಸಂಘಗಳು, ಬಿಡಿಭಾಗಗಳು, ಎರಡು ಪುಸ್ತಕಗಳು

1971ರಲ್ಲಿ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ ಸ್ಥಾಪನೆಯಾಯಿತು. ದೊಡ್ಡ ಲಾರಿಗಳಿಂದ ಹಿಡಿದು ಪಿಕಪ್‌ವರೆಗೆ ಎಲ್ಲ ದುಡಿಮೆಯ ಗಾಡಿಗಳ ಚರಿತ್ರೆಯನ್ನು ಸಂಗ್ರಹಿಸುವ ಈ ಸಂಘದ ಕೇಂದ್ರ ಈಗ ಮಿಸ್ಸೌರಿಯ ಕಾನ್ಸಾಸ್ ಸಿಟಿಯಲ್ಲಿದೆ. ಬಿಡಿಭಾಗಗಳನ್ನು ಹೊಸದಾಗಿ ಅಚ್ಚು ಹಾಕಿಸಿ ಮಾರುವ ಕಂಪನಿಗಳು ಹುಟ್ಟಿದ ಮೇಲೆ ಹವ್ಯಾಸದ ಸ್ವರೂಪವೇ ಬದಲಾಯಿತು. ಅಲ್ಲಿಯತನಕ ಒಂದು ಬಾಗಿಲಿನ ಹಿಡಿಕೆಗಾಗಿ ಗುಜರಿ ಅಂಗಡಿಗಳನ್ನು ಅಲೆಯಬೇಕಿತ್ತು. ಉತ್ತರ ಕ್ಯಾರೊಲಿನಾದ ಡೆನಿಸ್ ಕಾರ್ಪೆಂಟರ್ ಸಂಸ್ಥೆ ಹಳೆಯ ಫೋರ್ಡ್‌ಗಳ ರಬ್ಬರು, ಗುಬ್ಬಿ, ಬೀಡಿಂಗ್‌ಗಳನ್ನು ಮರುಸೃಷ್ಟಿಸಿತು. ಕಾನ್ಸಾಸಿನ ಎಲ್‌ಎಂಸಿ ಟ್ರಕ್ ದಪ್ಪ ಕ್ಯಾಟಲಾಗ್ ಅಚ್ಚು ಹಾಕಿಸಿ ಅಂಚೆಯಲ್ಲಿ ಮಾಲು ಕಳಿಸಿತು.

ಈ ಹವ್ಯಾಸದ ಒಳಮನಸ್ಸು ತಿಳಿಯಬೇಕಾದವರು ಎರಡು ಪುಸ್ತಕಗಳನ್ನು ನೋಡಬೇಕು. ಜಾನ್ ಜೆರೋಮ್ 1977ರಲ್ಲಿ ಪ್ರಕಟಿಸಿದ ‘ಟ್ರಕ್’, ಸವೆದುಹೋದ 1950ರ ಡಾಜ್ ಪಿಕಪ್ ಒಂದನ್ನು ತಾವೇ ಬಿಚ್ಚಿ ಕಟ್ಟಿದ ಕಥನ. ಯಂತ್ರವನ್ನು ಕೈಯಾರೆ ಅರಿಯುವುದರ ಬಗ್ಗೆ ಅದು ಎತ್ತುವ ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಮೈಕಲ್ ಪೆರ್ರಿಯವರ ‘ಟ್ರಕ್: ಎ ಲವ್ ಸ್ಟೋರಿ’ 2006ರದು, ವಿಸ್ಕಾನ್ಸಿನ್ ಹಳ್ಳಿಯೊಂದರಲ್ಲಿ 1951ರ ಇಂಟರ್‌ನ್ಯಾಷನಲ್ ಪಿಕಪ್ ಮತ್ತೆ ಓಡುವ ಕತೆಯ ಜೊತೆ ಲೇಖಕರ ಸಂಸಾರದ ಕತೆಯೂ ಅದರಲ್ಲಿ ಹೆಣೆದುಕೊಂಡಿದೆ.

ಕೆಲಸದ ಬಗೆ

ಮೊದಲ ತೊಡಕು ತುಕ್ಕು. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳು, ಕಾಲಿಡುವ ನೆಲದ ತಗಡು, ಮಡ್‌ಗಾರ್ಡಿನ ತುದಿ, ಹೀಗೆ ನೀರು, ಮಣ್ಣು ನಿಲ್ಲುವ ಜಾಗಗಳೆಲ್ಲ ಮೊದಲು ಹೋಗುತ್ತವೆ. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ವರ್ಷದೊಳಗೆ ಗುಳ್ಳೆ ಏಳುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ ಹೊಸ ತುಂಡನ್ನು ಬೆಸೆಯಬೇಕು. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡಿಂಗ್ ಎಳೆದರೆ ಶಾಖಕ್ಕೆ ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಟ್ಟು ಮುಂದುವರಿಯುತ್ತಾರೆ. ವರ್ಷಗಟ್ಟಲೆ ನಿಂತು ಜಾಮ್ ಆದ ಇಂಜಿನ್ನಿಗೂ ಇದೇ ತಾಳ್ಮೆ ಬೇಕು. ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಎಣ್ಣೆ ಸುರಿದು ದಿನಗಟ್ಟಲೆ ನೆನೆಯಲು ಬಿಡುತ್ತಾರೆ. ಆಮೇಲೆ ಕೈಯಿಂದಲೇ ಕೂದಲೆಳೆಯಷ್ಟು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ಅಲುಗಿಸುತ್ತಾರೆ. ಅವಸರಪಟ್ಟವರು ಪಿಸ್ಟನ್ ರಿಂಗು ಮುರಿಯುತ್ತಾರೆ. ಕೊನೆಗೆ ತೊಟ್ಟಿಯ ನೆಲ: ಷೆವ್ರೊಲೆಗಳಲ್ಲಿ ಅದು ಮರದ ಹಲಗೆಗಳದು, ಹಲಗೆಗಳ ಸಂದಿಯಲ್ಲಿ ಉಕ್ಕಿನ ಪಟ್ಟಿ. ಆಗ ಸಾಮಾನು ಹೊರಲೆಂದು ಹಾಕಿದ್ದ ಆ ಹಲಗೆಗೆ ಈಗ ವಾರ್ನಿಷ್ ಬಳಿದು ಪೀಠೋಪಕರಣದಂತೆ ಮಿರುಗಿಸುವವರಿದ್ದಾರೆ. ಅಂಥ ತೊಟ್ಟಿಗೆ ಯಾರೂ ಒಂದು ಬುಟ್ಟಿ ಗೊಬ್ಬರವನ್ನೂ ಹಾಕಲಾರರು. ಅಲ್ಲಿಗೆ ಗಾಡಿ ತನ್ನ ಜಾತಿಯನ್ನೇ ಮರೆತಂತಾಗುತ್ತದೆ.

ಯಾಂತ್ರಿಕ ಮಾರ್ಪಾಡಿನ ಹಿಂದೆ ಗಟ್ಟಿಯಾದ ಕಾರಣಗಳಿದ್ದವು. 3100ರ ಮೂಲ ಇಂಜಿನ್ 216 ಘನ ಅಂಗುಲದ, ಅಂದರೆ ಸುಮಾರು 3.5 ಲೀಟರಿನ ಆರು ಸಿಲಿಂಡರ್. ಅದರ ಕನೆಕ್ಟಿಂಗ್ ರಾಡುಗಳಿಗೆ ಪಂಪಿನ ಪೂರ್ಣ ಒತ್ತಡದಲ್ಲಿ ಆಯಿಲ್ ಹೋಗುತ್ತಿರಲಿಲ್ಲ. ತಳದಲ್ಲಿದ್ದ ಚಿಕ್ಕ ಸೌಟುಗಳು ಆಯಿಲ್ ತೋಡಿಕೊಳ್ಳುತ್ತಿದ್ದವು. ಬೇರಿಂಗುಗಳು ಮೃದು ಲೋಹದ ಬ್ಯಾಬಿಟ್‌ನವು. ಹಳ್ಳಿಯ ರಸ್ತೆಗೆ ಇದು ಧಾರಾಳವಾಗಿ ಸಾಕಿತ್ತು. 1956ರ ಕಾಯಿದೆಯ ನಂತರ ದೇಶದ ತುಂಬ ಹರಡಿದ ಅಂತರರಾಜ್ಯ ಹೆದ್ದಾರಿಗಳಲ್ಲಿ ಅದೇ ಇಂಜಿನ್ನನ್ನು ಗಂಟೆಗಟ್ಟಲೆ ಜೋರಾಗಿ ಓಡಿಸಿದರೆ ಬೇರಿಂಗು ಕರಗುವ ಭಯ. ಜೊತೆಗೆ ಹಿಂದಿನ ಆಕ್ಸಲಿನ ಗೇರು ಭಾರ ಎಳೆಯಲು ಹೊಂದಿಸಿದ್ದು, ಓಡಲು ಅಲ್ಲ. ಹೀಗಾಗಿ ಹವ್ಯಾಸಿಗಳು ಮೊದಲು ಪೂರ್ಣ ಒತ್ತಡದ ಆಯಿಲಿಂಗ್ ಇರುವ 235 ಘನ ಅಂಗುಲದ ಇಂಜಿನ್ ಕೂರಿಸಿದರು, ಆಮೇಲೆ 1955ರಲ್ಲಿ ಬಂದ ಷೆವ್ರೊಲೆಯ ಸಣ್ಣ ವಿ8 ಹಾಕಿದರು. ಮುಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗು, ಗಟ್ಟಿ ಆಕ್ಸಲ್ ತೆಗೆದು 1974–78ರ ಮಸ್ಟಾಂಗ್-2 ಕಾರಿನ ಮಾದರಿಯ ಸ್ವತಂತ್ರ ಸಸ್ಪೆನ್ಷನ್ ಜೋಡಿಸುವುದು ರೂಢಿಯಾಯಿತು. ಅದು ಚಿಕ್ಕದು, ಜೊತೆಗೆ ರ‍್ಯಾಕ್ ಆ್ಯಂಡ್ ಪಿನಿಯನ್ ಸ್ಟಿಯರಿಂಗ್ ಸಿಗುತ್ತದೆ. 1997ರಲ್ಲಿ ಕಾರ್ವೆಟ್ ಕಾರಿನಲ್ಲಿ ಕಾಣಿಸಿಕೊಂಡ ಜನರಲ್ ಮೋಟಾರ್ಸಿನ ಎಲ್‌ಎಸ್ ಇಂಜಿನ್ನಿನ ಎರಕ ಕಬ್ಬಿಣದ ರೂಪ 1999ರಿಂದ ಲಕ್ಷಗಟ್ಟಲೆ ಪಿಕಪ್‌ಗಳಲ್ಲಿ ಬಂತು. ಅಪಘಾತವಾದ ಆ ಗಾಡಿಗಳು ಗುಜರಿ ಸೇರಿದಂತೆ ಅಗ್ಗದ, ನಂಬಿಕಸ್ಥ ಇಂಜಿನ್ನುಗಳು ಹವ್ಯಾಸಿಗಳಿಗೆ ಒದಗಿದವು.

ಪವರ್ ವ್ಯಾಗನ್

ಮೂಲರೂಪದ ಪಂಥಕ್ಕೆ ಅತ್ಯಂತ ಪ್ರಿಯವಾದ ಗಾಡಿ ಡಾಜ್ ಪವರ್ ವ್ಯಾಗನ್. ಯುದ್ಧದಲ್ಲಿ ದುಡಿದ ಡಾಜ್ ಡಬ್ಲ್ಯೂಸಿ ಟ್ರಕ್ಕುಗಳಿಂದ ಹುಟ್ಟಿದ ಇದು 1946ರ ಮಾದರಿಯಾಗಿ ಮಾರುಕಟ್ಟೆಗೆ ಬಂತು: ಒಂದು ಟನ್, ನಾಲ್ಕೂ ಚಕ್ರಕ್ಕೆ ಶಕ್ತಿ, 94 ಅಶ್ವಶಕ್ತಿಯ ಆರು ಸಿಲಿಂಡರ್ ಇಂಜಿನ್. ಪವರ್ ಟೇಕ್ ಆಫ್ ಮೂಲಕ ಮುಂದಿನ ವಿಂಚನ್ನಾಗಲಿ, ಹಿಂದಿನ ಬೆಲ್ಟು ರಾಟೆಯನ್ನಾಗಲಿ ತಿರುಗಿಸಬಹುದಿತ್ತು. ಗಾಡಿ ನಿಂತಲ್ಲೇ ಗರಗಸ ಓಡಿಸುತ್ತಿತ್ತು. ಅಮೆರಿಕದಲ್ಲಿ 1968ರವರೆಗೆ ಮಾರಾಟವಾಯಿತು, ರಫ್ತು ಇನ್ನೂ ಹತ್ತು ವರ್ಷ ನಡೆಯಿತು. ಅಷ್ಟೂ ಕಾಲ ಅದರ ಚಹರೆ ಬದಲಾಗಲೇ ಇಲ್ಲ. ಅಯೋವಾದ ಫೇರ್‌ಫೀಲ್ಡ್ ಪಟ್ಟಣದಲ್ಲಿ ಇದರ ಬಿಡಿಭಾಗಗಳಿಗೆಂದೇ ಇರುವ ಸಂಸ್ಥೆಯ ಸುತ್ತ ಪ್ರತಿ ಬೇಸಿಗೆ ಮಾಲೀಕರ ಮೇಳ ನಡೆದುಕೊಂಡು ಬಂದಿದೆ. ಇದೇ ಗಾಡಿಯನ್ನು ಲೆಗಸಿ ಕ್ಲಾಸಿಕ್ ಟ್ರಕ್ಸ್ ಎಂಬ ಸಂಸ್ಥೆ ಹೊಸ ಇಂಜಿನ್, ಚರ್ಮದ ಆಸನಗಳೊಂದಿಗೆ ಸಿರಿವಂತರಿಗಾಗಿ ಮರುನಿರ್ಮಿಸುತ್ತದೆ.

ಕಾನೂನು ಮತ್ತು ಇತ್ತೀಚಿನ ಒಲವುಗಳು

ಯಾವ ಗಾಡಿ ಉಳಿಯುತ್ತದೆ ಎಂಬುದನ್ನು ಕಾನೂನೂ ನಿರ್ಧರಿಸಿದೆ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದರಿಂದ ಇಂಜಿನ್ ಬದಲಿಸುವವರು ಆ ಗಾಡಿಗಳತ್ತಲೇ ವಾಲುತ್ತಾರೆ. 2009ರಲ್ಲಿ ಅಮೆರಿಕ ಸರ್ಕಾರ ಹಳೆಯ ವಾಹನ ಒಪ್ಪಿಸಿದವರಿಗೆ ಹೊಸದಕ್ಕೆ ಹಣ ಕೊಟ್ಟಾಗ ಸುಮಾರು 6,77,000 ವಾಹನಗಳು ನಾಶವಾದವು. ಇಂಜಿನ್ನಿಗೆ ಸೋಡಿಯಂ ಸಿಲಿಕೇಟ್ ಸುರಿದು ಓಡಿಸಿ ಅದನ್ನು ಶಾಶ್ವತವಾಗಿ ಕೆಡಿಸಲಾಗುತ್ತಿತ್ತು. 25 ವರ್ಷ ದಾಟಿದ ಗಾಡಿಗಳು ಯೋಜನೆಯ ಹೊರಗಿದ್ದದ್ದರಿಂದ 3100, ಎಫ್-100ಗಳು ಬಚಾವಾದವು.

ಈಚಿನ ವರ್ಷಗಳಲ್ಲಿ ಮಾಸಿದ ಬಣ್ಣವನ್ನು ಹಾಗೆಯೇ ಬಿಟ್ಟು, ಬಾಗಿಲ ಮೇಲೆ ಹಳೆಯ ಅಂಗಡಿ, ಹೊಲದ ಹೆಸರು ಬರೆದದ್ದಿದ್ದರೆ ಅದನ್ನೂ ಉಳಿಸಿ, ಮೇಲೆ ತೆಳುವಾಗಿ ಪಾರದರ್ಶಕ ಲೇಪ ಕೊಡುವ ಪದ್ಧತಿ ಜನಪ್ರಿಯವಾಗಿದೆ. ಮಾಸಲು ಬಣ್ಣವನ್ನು ಬೇಕೆಂದೇ ಸೃಷ್ಟಿಸಿ, ಎಂದೂ ಇಲ್ಲದ ಅಂಗಡಿಯ ಹೆಸರು ಬರೆಸುವವರೂ ಇದ್ದಾರೆ. ಮೊದಲನೆಯದು ದಾಖಲೆ, ಎರಡನೆಯದು ವೇಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವಿದ್ಯುತ್ ಪರಿವರ್ತನೆಯೂ ಆರಂಭವಾಗಿದೆ. ಷೆವ್ರೊಲೆ 2019ರಲ್ಲಿ 1962ರ ಸಿ-10ಕ್ಕೆ, ಫೋರ್ಡ್ 2021ರಲ್ಲಿ 1978ರ ಎಫ್-100ಕ್ಕೆ ವಿದ್ಯುತ್ ಮೋಟಾರು ಕೂರಿಸಿ ಪ್ರದರ್ಶಿಸಿದವು.

ಭಾರತದಲ್ಲಿ

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ ಡಾಜ್, ಫಾರ್ಗೊ ಲಾರಿಗಳ ಮೂಲಕ ಈ ಅಮೆರಿಕನ್ ಮನೆತನ ಭಾರತಕ್ಕೂ ಬಂತು. ಹಿಂದಿನ ಪೀಳಿಗೆಯ ಕನ್ನಡಿಗರಿಗೆ ಫಾರ್ಗೊ ಪರಿಚಿತ ಹೆಸರು. ಆದರೆ ಇಲ್ಲಿ ಸಂಗ್ರಹಕಾರರ ಒಲವು ಕಾರುಗಳ ಮೇಲೆಯೇ ಹೆಚ್ಚು, ಧರ್ಮಸ್ಥಳದ ಹೆಸರಾಂತ ಸಂಗ್ರಹವೂ ಕಾರುಗಳದೇ. ದುಡಿಮೆಯ ಗಾಡಿಗಳ ಪೈಕಿ ಆರೈಕೆ ಕಂಡವು ಹಳೆಯ ಜೀಪುಗಳು ಮತ್ತು ಜಬಲ್ಪುರದಲ್ಲಿ ಸೈನ್ಯಕ್ಕಾಗಿ ತಯಾರಾಗುತ್ತಿದ್ದ ಜೋಂಗಾಗಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ.

ಮಾರ್ಪಾಡಿಗೆ ಮಾತ್ರ ಇಲ್ಲಿ ಅವಕಾಶ ಕಡಿಮೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರ ಜುಲೈಯಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅನ್ವಯಿಸುತ್ತದೆ; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ.