ಕ್ಷಾಮ, ದಾನ ಮತ್ತು ಸ್ವಾವಲಂಬನೆ

ನಮ್ಮ ಚಿಗಟೇರಿಯನ್ನೊಳಗೊಂಡ ಹರಪನಹಳ್ಳಿ ಸೀಮೆಯು ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಧಾತು, ಈಶ್ವರ ಸಂವತ್ಸರಗಳ (1876–78) ಕ್ಷಾಮವು ಈ ಜಿಲ್ಲೆಯನ್ನು ಘೋರವಾಗಿ ಪೀಡಿಸಿತು.

ಧರ್ಮಾರ್ಥದ ಅನ್ನವು ಜನರನ್ನು ಸೋಮಾರಿಗಳನ್ನಾಗಿಸುವುದೆಂಬ ಶಂಕೆ ಅಧಿಕಾರಿಗಳಲ್ಲಿ ಬಲವಾಗಿದ್ದಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರ ಕಾಮಗಾರಿಯ ದಿನಗೂಲಿಯನ್ನು 1 ಪೌಂಡು ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಿದರು. ಪ್ರಾಣಧಾರಣೆಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು, ಕೆಲವೇ ತಿಂಗಳಲ್ಲಿ ಕೂಲಿ ಹೆಚ್ಚಿತು.

ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಗೆ ಹರಿದುಬಂದ ದಾನದಿಂದ ರೈತರಿಗೆ ಬೀಜ, ಎತ್ತುಗಳಿಗೆ ನೆರವು ದೊರೆಯಿತು. ಹೀಗೆ ದಾನವೇ ಸ್ವಾವಲಂಬನೆಗೆ ಊರುಗೋಲಾಯಿತು. 1880ರ ಕ್ಷಾಮ ಆಯೋಗವು ಪರಿಹಾರವನ್ನು ಸರ್ಕಾರದ ಕರ್ತವ್ಯವೆಂದಿತು. 2005ರ ಉದ್ಯೋಗ ಖಾತರಿ ಕಾಯಿದೆಯು ದುಡಿಮೆಯನ್ನು ಹಕ್ಕೆಂದು ಸಾರಿತು.

ಹಸಿದವನು ಸೋಮಾರಿಯಲ್ಲ, ಕೈಹಿಡಿದೆತ್ತಿದರೆ ತಾನೇ ನಡೆಯುವನೆಂಬುದನ್ನು ನಾವು ಈ ಇತಿಹಾಸದಿಂದ ಅರಿಯುತ್ತೇವೆ.