ಅಕಾಲದ ಮಳೆಯೂ ಸಕಾಲದ ಎಚ್ಚರವೂ

‘ಅಕಾಲ’ ಎಂಬ ಮಾತನ್ನು ನಾವೂ ಬಳಸುತ್ತೇವೆ, ಉತ್ತರದ ಹಿಂದಿಯವರೂ ಬಳಸುತ್ತಾರೆ. ನಮಗೆ ಅದರ ಅರ್ಥ ಹೊತ್ತಲ್ಲದ ಹೊತ್ತು ಎಂದಿಷ್ಟೇ. ಅವರಿಗೋ ಅಕಾಲವೆಂದರೆ ನೇರವಾಗಿ ಕ್ಷಾಮ. ಒಂದೇ ಸಂಸ್ಕೃತ ಶಬ್ದ ಎರಡು ನಾಡುಗಳಲ್ಲಿ ಎರಡು ಅರ್ಥ ತಳೆದದ್ದು ಬರಿಯ ವ್ಯಾಕರಣದ ಸ್ವಾರಸ್ಯವಲ್ಲ, ವಾಚಕರೆ. ಹೊತ್ತು ತಪ್ಪಿದ ಮಳೆಗೂ ಹಸಿದ ಹೊಟ್ಟೆಗೂ ನಡುವೆ ಇರುವ ದೂರ ಎಷ್ಟು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಆ ದೂರವನ್ನು ಹೆಚ್ಚಿಸಲು ನಮ್ಮ ಹಿರಿಯರು ಸೀಮೆಸೀಮೆಗೆ ಒಂದೊಂದು ಬಗೆಯಲ್ಲಿ ಹೆಣಗಿದರು. ಅದರ ಚರಿತ್ರೆಯನ್ನು ಇಲ್ಲಿ ಸ್ವಲ್ಪದರಲ್ಲಿ ನೋಡೋಣ.

ಮೊದಲು, ಸಕಾಲದ ಮಳೆ ಎಂದರೇನು? ಇದಕ್ಕೆ ಉತ್ತರ ಹೇಳುವ ಒಂದು ಪ್ರಾಚೀನ ಗ್ರಂಥ ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಲ್ಲೇ. ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಓಲೆಗರಿಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ರಾಜನ ಉಗ್ರಾಣದೊಳಗೆ ಒಂದು ಮೊಳದಷ್ಟು ಬಾಯಗಲದ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯುಂಟು. ಜಾಂಗಲ ದೇಶಕ್ಕೆ 16 ದ್ರೋಣ ಮಳೆ. ಜೌಗು ಸೀಮೆಗೆ ಅದರ ಒಂದೂವರೆ ಪಾಲು. ಅವಂತಿಗೆ 23 ದ್ರೋಣ. ಅಪರಾಂತಕ್ಕೆ, ಎಂದರೆ ಕೊಂಕಣದ ಕರಾವಳಿಗೆ, ಲೆಕ್ಕವೇ ಇಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲಿ ಮೊದಲ ಮತ್ತು ಕೊನೆಯ ತಿಂಗಳು ಸೇರಿ ಮೂರರಲ್ಲಿ ಒಂದು ಪಾಲು, ನಡುವಣ ಎರಡು ತಿಂಗಳಲ್ಲಿ ಉಳಿದ ಎರಡು ಪಾಲು ಬಿದ್ದರೆ ಅದು ಒಳ್ಳೆಯ ವರ್ಷ. ಮೊತ್ತ ಸರಿಯಿದ್ದರೆ ಸಾಲದು, ಹಂಚಿಕೆಯೂ ಸರಿಯಿರಬೇಕು ಎಂದಾಯಿತು. ಮಳೆ ಅಳೆಯುವ ಪಾತ್ರೆಯನ್ನು ಧಾನ್ಯದ ಉಗ್ರಾಣದಲ್ಲೇ ಇಡಬೇಕೆಂದದ್ದನ್ನು ತಾವು ಗಮನಿಸಬೇಕು. ಆಕಾಶದ ಲೆಕ್ಕ, ಕಣಜದ ಲೆಕ್ಕ ಎರಡೂ ಒಂದೇ ಮನೆಯಲ್ಲಿದ್ದುವು.

ಕನ್ನಡದಲ್ಲೂ ಈ ಶಾಸ್ತ್ರ ಹಳೆಯದೇ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಅರಿಯುವ ಬಗೆ, ಮರಗಿಡಗಳ ಆರೈಕೆ ಮುಂತಾದುವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದನು. ಸುಮಾರು 1300ರಲ್ಲಿ ರಟ್ಟಕವಿಯು ಮಳೆ, ಮಿಂಚು, ಭೂಕಂಪಗಳ ಲಕ್ಷಣಗಳಿಗಾಗಿಯೇ ‘ರಟ್ಟಮತ’ವೆಂಬ ಗ್ರಂಥವನ್ನು ರಚಿಸಿದನು. ಓದುಬರಹ ಬಾರದ ಒಕ್ಕಲಿಗನಿಗೂ ಅವನದೇ ಪಂಚಾಂಗವಿತ್ತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನವನ್ನು ಅವನು ಆ ನಕ್ಷತ್ರದ ಮಳೆಯೆಂದು ಕರೆದ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಹಿಡಿದು ಭರಣಿ, ಕೃತ್ತಿಕೆ, ರೋಹಿಣಿ ಎಂದು ಸ್ವಾತಿ, ವಿಶಾಖೆಯವರೆಗೆ ಅವನ ಲೆಕ್ಕ ನಡೆಯುತ್ತದೆ. ಮಘೆಯ ಮಳೆ ಬಂದಷ್ಟೂ ಲೇಸು, ಮನೆಯ ಮಗ ಉಂಡಷ್ಟೂ ಲೇಸು ಎಂಬ ಗಾದೆಯನ್ನು ಕೇಳದವರಾರು? ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಇದರಲ್ಲಿ ಗೊತ್ತಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಮಳೆ ಕೈಕೊಟ್ಟರೆ ಮುಂದೇನು ಎಂಬುದೂ ಗೊತ್ತಾಗುತ್ತಿತ್ತು.

ನಮ್ಮ ನಾಡಿನಲ್ಲಿ ಈ ‘ಮುಂದೇನು’ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 500 ಮುಟ್ಟುವುದೂ ಕಷ್ಟ. ಒಬ್ಬರಿಗೆ ವರವಾದ ಮಳೆ ಇನ್ನೊಬ್ಬರಿಗೆ ಶಾಪ.

ಮೈಸೂರಿನ ಬಯಲುಸೀಮೆಯನ್ನು ಮೊದಲು ನೋಡೋಣ. ಇಲ್ಲಿಯ ಮೊದಲ ಆಸರೆ ಕೆರೆ. ಚಂದ್ರವಳ್ಳಿಯ ಶಾಸನವು ಕದಂಬ ಮಯೂರಶರ್ಮನ ಕೆರೆಯನ್ನು ಹೇಳುತ್ತದೆ. ತಾಳಗುಂದದ ಶಾಸನವು ಕಾಕುಸ್ಥವರ್ಮನ ಕೆರೆಯನ್ನು ಹೇಳುತ್ತದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಪೋರುಮಾಮಿಳ್ಳದ ಶಾಸನ, ಈಗಿನ ಆಂಧ್ರದ ಕಡಪ ಜಿಲ್ಲೆಯದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿಯಂತೆ ಎರಡು ವರ್ಷ ಆ ಕೆಲಸ ನಡೆಯಿತಂತೆ. ಹತ್ತೊಂಬತ್ತನೆಯ ಶತಮಾನದ ಲೆಕ್ಕದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ 38,000 ಕೆರೆಗಳಿದ್ದುವು. ಹೊಸ ಕೆರೆಗೆ ಇನ್ನು ಜಾಗ ಹುಡುಕಬೇಕಾದರೆ ಜಾಣತನವೇ ಬೇಕೆಂದು ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಬೆರಗುಗೊಂಡು ಬರೆದನು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಹೀಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೆಗೇ ಸುರಿದ ಮಳೆಯೂ ಹರಿದು ಹಾಳಾಗದೆ ಬೇಸಗೆಯ ಪಾಲಿಗೆ ನಿಲ್ಲುತ್ತಿತ್ತು. ಕೆರೆ ಕಟ್ಟಿದರೆ ಮುಗಿಯಲಿಲ್ಲ. ಹೂಳೆತ್ತಲು, ಏರಿ ನೋಡಿಕೊಳ್ಳಲು ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಹೆಸರಿನಲ್ಲಿ ಭೂಮಿಯನ್ನೂ ಆದಾಯವನ್ನೂ ಬಿಡುತ್ತಿದ್ದರು. ನೀರನ್ನು ಸರದಿಯಂತೆ ಹಂಚಲು ನೀರುಗಂಟಿಯಿರುತ್ತಿದ್ದ.

ಎರಡನೆಯ ಆಸರೆ ಬಿತ್ತನೆಯ ಕ್ರಮ. ಬಯಲುಸೀಮೆಯ ರೈತ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತಿದವನಲ್ಲ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ರಾಗಿಯ ನಡುವೆ ಅವರೆ ತೊಗರಿಗಳನ್ನು ಸಾಲಾಗಿ ಬಿತ್ತುವುದನ್ನು ಕಂಡು ಬರೆದಿಟ್ಟಿದ್ದಾನೆ. ಮುಂಗಾರು ಹಿಂದೆಬಿದ್ದು ರಾಗಿ ಕುಗ್ಗಿದರೂ ತಡವಾಗಿ ಬಂದ ಮಳೆಗೆ ಅವರೆ ತೊಗರಿ ಎದ್ದು ನಿಲ್ಲುತ್ತವೆ. ಬಿತ್ತನೆಯ ಹದವೇ ತಪ್ಪಿತೋ, ಒಟ್ಟಲಿನ ಪೈರು ನಾಟಿಗೆ ಬರುತ್ತದೆ. ಅದೂ ಆಗದಿದ್ದರೆ ಹಿಂಗಾರಿನ ಒಂದೆರಡು ಹದಕ್ಕೆ ಹುರುಳಿ ಚೆಲ್ಲಿದರಾಯಿತು; ಮನುಷ್ಯನಿಗೆ ಕಾಳು, ದನಕ್ಕೆ ಹೊಟ್ಟು.

ಮೂರನೆಯದು ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಹುಳು ಬೀಳದೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು, ದೀಪ ಇಳಿಬಿಟ್ಟು ಪರೀಕ್ಷಿಸುತ್ತಿದ್ದರು. ಕಾಳು ಕೆಡದಂತೆ ಕಾಯುತ್ತಿದ್ದುದೂ ಆ ಉಸಿರಿಲ್ಲದ ಗಾಳಿಯೇ.

ಬಿಜಾಪುರ, ಧಾರವಾಡ, ರಾಯಚೂರುಗಳ ಎರೆಭೂಮಿಯ ಬುದ್ಧಿಯೇ ಬೇರೆ. ಅಲ್ಲಿ ಕೆರೆಗಿಂತ ಮಣ್ಣೇ ಜಲಾಶಯ. ಮುಂಗಾರಿನ ನೀರನ್ನು ಎರೆ ಕುಡಿದು ಇಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಆ ತೇವದ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆದು ನಿಲ್ಲುತ್ತವೆ. ಆದ್ದರಿಂದ ಅಲ್ಲಿಯ ಒಕ್ಕಲಿಗನ ಶ್ರಮವೆಲ್ಲ ಒಡ್ಡು ಹಾಕುವುದರಲ್ಲಿ, ಎಡೆಕುಂಟೆ ಹೊಡೆದು ನೆಲದ ಬಿರುಕು ಮುಚ್ಚುವುದರಲ್ಲಿ. ಮೇಲಿನ ಪುಡಿಮಣ್ಣೇ ಕೆಳಗಿನ ತೇವಕ್ಕೆ ಹೊದಿಕೆ.

ಮಲೆನಾಡಿನಲ್ಲೂ ಕರಾವಳಿಯಲ್ಲೂ ತಾಪತ್ರಯ ತದ್ವಿರುದ್ಧ. ಮಳೆ ಬಾರದೆಂಬ ಭಯಕ್ಕಿಂತ ಬಿಡದೆಂಬ ಭಯ ಅಲ್ಲಿ ದೊಡ್ಡದು. ತುಳುನಾಡಿನಲ್ಲಿ ಗದ್ದೆಯ ಎತ್ತರ, ನೀರಿನ ಅನುಕೂಲ ನೋಡಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಒಂದು ಕೊಚ್ಚಿಹೋದರೆ ಇನ್ನೊಂದು. ಮಳೆ ನಿಂತ ಮೇಲೆ ತೊರೆಗಳಿಗೆ ಮಣ್ಣು ಕಲ್ಲುಗಳ ‘ಕಟ್ಟ’ ಹಾಕಿ ಬೇಸಗೆಗೆ ನೀರು ಹಿಡಿಯುವುದು ಊರೊಟ್ಟಿನ ಕೆಲಸ. ಆಟಿ ತಿಂಗಳ ಕಷ್ಟಕ್ಕೆಂದು ಬೇಸಗೆಯಲ್ಲೇ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ, ಬೀಜಕ್ಕೆ ಮಣ್ಣು ಬಳಿದು ಇಟ್ಟಿರುತ್ತಿದ್ದರು. ಮಲೆನಾಡಿನ ಅಡಕೆ ಬೆಳೆಗಾರನಿಗೆ ಬಿಡದ ಮಳೆಯೊಡನೆ ಕೊಳೆರೋಗ ಬರುತ್ತಿತ್ತು. ಅದಕ್ಕೆ ಗೊನೆಗೆ ಕೊಟ್ಟೆ ಕಟ್ಟಿ ನೆನೆಯದಂತೆ ಕಾಪಾಡುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೂಲವನ್ನು ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅನಂತರ ಅಡಕೆ ತೋಟಗಳ ರೂಢಿಯಾಯಿತು. ಇನ್ನು ಕೊಡಗಿನ ಕಾಫಿಗೆ ಮಾರ್ಚಿಯ ಸುಮಾರಿನ ಹೂಮಳೆ ಬಾರದಿದ್ದರೂ ನಷ್ಟ, ಕೊಯ್ಲಿನ ಡಿಸೆಂಬರಿನಲ್ಲಿ ಮಳೆ ಬಂದರೂ ನಷ್ಟ.

ಇಷ್ಟೆಲ್ಲ ಎಚ್ಚರವಿದ್ದೂ ನಾಡು ಬದುಕಿತೆ? ಸಾಮಾನ್ಯ ಏರುಪೇರಿಗೆ ಬದುಕಿತು. ಸತತವಾಗಿ ಎರಡು ಮೂರು ವರ್ಷ ಹೊತ್ತು ತಪ್ಪಿದಾಗ ಮುರಿದು ಬಿತ್ತು. 1791–92ರ ಬರಕ್ಕೆ ಉತ್ತರ ಕರ್ನಾಟಕದಲ್ಲಿ ಡೋಗಿ ಬರ, ಎಂದರೆ ತಲೆಬುರುಡೆಯ ಬರ, ಎಂದು ಹೆಸರು. ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದುವು. ಧಾತು, ಈಶ್ವರ ಸಂವತ್ಸರಗಳ 1876–78ರ ಬರವಂತೂ ಇನ್ನೂ ಘೋರ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮರುವರ್ಷವೇ ಮುಂಗಾರು ಹಿಂಗಾರುಗಳೆರಡೂ ಕೈಬಿಟ್ಟುವು. ಪೆಸಿಫಿಕ್ ಸಾಗರದ ನೀರು ಅತಿಯಾಗಿ ಬಿಸಿಯೇರುವ ಎಲ್ ನಿನೊ ಇದಕ್ಕೆ ದೊಡ್ಡ ಕಾರಣವೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು 8,69,224ರಷ್ಟು ಕುಗ್ಗಿತು. ಕೆರೆಗಳು ಒಣಗಿದುವು, ಹಗೇವುಗಳು ಬರಿದಾದುವು. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದೆ ಮೈಸೂರಿನ ಕಡೆಗೆ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಮೇಲೆ ಗಾಡಿಯನ್ನು ಎಳೆಯುವವರಾರು? ಮೈಸೂರಿಗೆ ರೈಲು ತಲಪಿದ್ದು 1882ರಲ್ಲಿ.

ಸತ್ತವರು ಯಾರೆಂದು ಕೇಳದಿದ್ದರೆ ಈ ಚರಿತ್ರೆ ಪೂರ್ಣವಾಗದು. ನಾವು ಹಗೇವನ್ನು ಹೊಗಳುತ್ತೇವೆ. ಆದರೆ ಕೂಲಿಯವನ ಹಟ್ಟಿಯಲ್ಲಿ ಹಗೇವು ಎಲ್ಲಿತ್ತು? ಅಕ್ಕಡಿ ಸಾಲು ಹೊಲವುಳ್ಳವನಿಗೆ ಆಸರೆ. ಹೊಲವಿಲ್ಲದವನಿಗೆ ಬಿತ್ತನೆ ನಿಂತ ದಿನವೇ ಕೂಲಿಯೂ ನಿಂತಿತು. ಕೊಳ್ಳುವವರಿಲ್ಲದೆ ನೇಕಾರನ ಮಗ್ಗವೂ ನಿಂತಿತು. ಬರಗಾಲದಲ್ಲಿ ಧಾನ್ಯದ ಕೊರತೆಗಿಂತ ಅದನ್ನು ಕೊಳ್ಳುವ ಸಂಪಾದನೆಯ ಕೊರತೆಯೇ ದೊಡ್ಡದೆಂಬ ಮಾತನ್ನು 1880ರ ಕ್ಷಾಮ ಆಯೋಗವೂ ಒಪ್ಪಿತು. ಬರ ಬಂದೊಡನೆ ಕೆಲಸ ಕೊಡುವ ಕ್ಷಾಮ ಸಂಹಿತೆಗಳು ಅಲ್ಲಿಂದ ಹುಟ್ಟಿದುವು. ಹಿರಿಯರ ವಿವೇಕವನ್ನು ಕೊಂಡಾಡುವಾಗ ಅದರ ನೆರಳು ಯಾರ ಮೇಲೆ ಬೀಳಲಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಬೇಕೆಂದು ಉಪಾಧ್ಯಾಯನಾದ ನನ್ನ ಅಭಿಪ್ರಾಯ.

ಅನಂತರ ದೊಡ್ಡ ಕೆಲಸಗಳು ನಡೆದುವು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಮಾರಿಕಣಿವೆಯ ಕಟ್ಟೆ 1907ರಲ್ಲಿ ಮುಗಿಯಿತು. ಆದರೆ ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ. ಮತ್ತೆ ಹರಿದದ್ದು 2022ರಲ್ಲಿ! ಕಟ್ಟೆ ಕಟ್ಟುವುದು ನಮ್ಮ ಕೈಯಲ್ಲಿದೆ, ಮಳೆ ತರಿಸುವುದಿಲ್ಲ. ಒಣಬೇಸಾಯದ ಸಂಶೋಧನೆಗೆಂದು 1933ರಿಂದೀಚೆಗೆ ದೇಶದಲ್ಲಿ ತೆರೆದ ಐದು ಕೇಂದ್ರಗಳಲ್ಲಿ ಬಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ, ಮೂರೂ ಕನ್ನಡ ನೆಲದವು. ಒಡ್ಡು, ಎಡೆಕುಂಟೆಗಳ ಹಳೆಯ ಅರಿವು ಅಲ್ಲಿ ಅಳತೆಗೆ, ಪ್ರಯೋಗಕ್ಕೆ ಒಳಗಾಯಿತು.

ಈಚಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. 2009ರಲ್ಲಿ ಮುಂಗಾರು ದುರ್ಬಲವಾಗಿ, ದೇಶವೇ ಬರದ ಮಾತಾಡುತ್ತಿತ್ತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತೆಯ ಮಳೆಯ ಹೊತ್ತಿಗೆ, ಉತ್ತರ ಕರ್ನಾಟಕದ ಮೇಲೆ ಕಂಡರಿಯದ ಮಳೆ ಸುರಿಯಿತು. ಬಿಸಿಲ ಸೀಮೆಗೆ ತಕ್ಕಂತೆ ಮಣ್ಣಿನ ಮಾಳಿಗೆ ಹೊದಿಸಿದ ಮನೆಗಳು, ನೂರಾರು ಬೇಸಗೆಗಳಲ್ಲಿ ತಂಪು ಕೊಟ್ಟ ಆ ಮನೆಗಳೇ, ನೆನೆದು ಕುಸಿದುವು. ಸೀಮೆಗೆ ತಕ್ಕ ಬುದ್ಧಿಯೂ ಸೀಮೆ ತನ್ನ ಸ್ವಭಾವ ಬಿಟ್ಟಾಗ ಸೋಲುತ್ತದೆ. ಅದೇ ಹೊತ್ತಿಗೆ ನಮ್ಮ ಊರುಗಳಲ್ಲಿ ಕೆರೆಗಳು ಬಡಾವಣೆಗಳಾಗಿವೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ. ಕೋಡಿಯ ನೀರಿಗೆ ಮಾತ್ರ ಹಳೆಯ ದಾರಿ ಮರೆತಿಲ್ಲ.

ವಾಚಕರೆ, ಮಳೆಯ ಮುನ್ಸೂಚನೆ ಇಂದು ಅಂಗೈಯಲ್ಲೇ ದೊರೆಯುತ್ತದೆ. ರಟ್ಟಕವಿ ಕಂಡಿದ್ದರೆ ಹಿಗ್ಗುತ್ತಿದ್ದ. ಆದರೆ ಮುನ್ಸೂಚನೆ ಇಲ್ಲದ ಕಾಲದ ಜನ ಒಂದೇ ಬೆಳೆಯನ್ನು, ಒಂದೇ ಮಳೆಯನ್ನು ನಂಬಲಿಲ್ಲ. ತಮ್ಮ ಊರಿನ ಕೆರೆಗೆ ನೀರು ಬರುವ ಕಾಲುವೆ ಎಲ್ಲಿತ್ತೆಂದು ಈ ಬೇಸಗೆಯಲ್ಲಿ ಹಿರಿಯರೊಬ್ಬರನ್ನು ಕೇಳಿ ನೋಡಿ, ಸಾಧ್ಯವಾದರೆ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಅದರ ಗುಂಟ ನಡೆದು ಬನ್ನಿ. ಅದು ಎಲ್ಲಿ ಮುಚ್ಚಿಹೋಗಿದೆಯೆಂದು ತಿಳಿದರೆ, ಮುಂದಿನ ಅಕಾಲದ ಮಳೆ ಯಾರ ಮನೆಗೆ ನುಗ್ಗುವುದೆಂದೂ ತಿಳಿಯುತ್ತದೆ.